ಮಗುವಿನ ಕಣ್ಣು ಕೆಂಪಾಗಿದೆ: ಕಾಯೋದಾ, ಮೆಡಿಕಲ್ ಶಾಪಿಗಾ, ಡಾಕ್ಟರ ಹತ್ತಿರಾನಾ?

ಶಾಲೆ ಶುರುವಾಗಿ, ಮಳೆ ಹಿಡಿದು, ಮಕ್ಕಳು ಒದ್ದೆ ಬ್ಯಾಗು ಒದ್ದೆ ಸಾಕ್ಸ್ ಜೊತೆ ಒಂದೇ ವ್ಯಾನಿನಲ್ಲಿ ಹನ್ನೆರಡು ಜನ ಕೂತು ಹೋಗುವ ಕಾಲ ಬಂತೆಂದರೆ ಮೈಸೂರಿನ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪುಗಳಲ್ಲಿ ಕೆಂಪು ಕಣ್ಣಿನ ಫೋಟೋ ಒಂದು ಬಂದೇ ಬರುತ್ತದೆ. ಕೆಳಗೆ ಒಂದೇ ಪ್ರಶ್ನೆ: ಯಾವ ಡ್ರಾಪ್ಸ್ ಹಾಕಬಹುದು? ಹತ್ತು ನಿಮಿಷದಲ್ಲಿ ಐದಾರು ಉತ್ತರ. ಒಬ್ಬರದು ಆಂಟಿಬಯಾಟಿಕ್, ಇನ್ನೊಬ್ಬರದು ರೋಸ್ ವಾಟರ್, ಮತ್ತೊಬ್ಬರದು ಕಳೆದ ವರ್ಷ ಅವರ ಮಗಳಿಗೆ ಬರೆದುಕೊಟ್ಟ ಬಾಟಲಿಯ ಫೋಟೋ. 2023ರ ಜುಲೈ, ಆಗಸ್ಟ್‌ನಲ್ಲಿ ರಾಜ್ಯದ ತುಂಬ ಮದ್ರಾಸ್ ಐ ಹರಡಿದಾಗಲಂತೂ ಇಂಥ ಫೋಟೋಗಳದ್ದೇ ಸುರಿಮಳೆ.

ಎಲ್ಲರ ಉದ್ದೇಶ ಒಳ್ಳೆಯದೇ. ಆದರೆ ಕೆಂಪು ಕಣ್ಣು ಅಂದರೆ ಒಂದೇ ಕಾಯಿಲೆ ಅಲ್ಲ. ವೈರಸ್‌ನಿಂದ ಬಂದ ಕೆಂಪಿಗೆ ಆಂಟಿಬಯಾಟಿಕ್ ಡ್ರಾಪ್ಸ್ ಕೆಲಸ ಮಾಡುವುದಿಲ್ಲ. ಅಲರ್ಜಿಯ ಕೆಂಪಿಗೂ ಇಲ್ಲ. ಪೆಟ್ಟು ಬಿದ್ದ ಕಣ್ಣಿಗೆ ತಪ್ಪು ಡ್ರಾಪ್ಸ್ ಹಾಕಿದರೆ ದೃಷ್ಟಿಯೇ ಹೋಗಬಹುದು. ಆದ್ದರಿಂದ ಬಾಟಲಿ ಆರಿಸುವ ಮೊದಲು ಇದು ಯಾವ ಬಗೆಯ ಕೆಂಪು ಅಂತ ಆರಿಸಬೇಕು. ಅದು ಅಂಥ ಕಷ್ಟವೂ ಅಲ್ಲ. ಕಣ್ಣಿಂದ ಏನು ಬರುತ್ತಿದೆ, ತುರಿಕೆ ಎಷ್ಟಿದೆ, ನೋವಿದೆಯಾ, ಇಷ್ಟು ನೋಡಿದರೆ ಅರ್ಧ ಕೆಲಸ ಆದ ಹಾಗೆ.

ನೀರಾ, ಗೀಜಾ, ತುರಿಕೆಯಾ?

ನೀರು ಸುರಿಯುತ್ತಿದ್ದರೆ ಸಾಮಾನ್ಯವಾಗಿ ವೈರಸ್, ನಾವು ಮದ್ರಾಸ್ ಐ ಅನ್ನುವುದು ಹೆಚ್ಚಾಗಿ ಇದನ್ನೇ. ಹೆಚ್ಚಾಗಿ ಅಡಿನೋವೈರಸ್ ಎಂಬ ಗುಂಪಿನದು. ಮೊದಲು ಒಂದು ಕಣ್ಣು, ಒಂದೆರಡು ದಿನ ಬಿಟ್ಟು ಇನ್ನೊಂದು. ಮಗು "ಮರಳು ಬಿದ್ದಿದೆ" ಅನ್ನುತ್ತದೆ, ಬೆಳಕಿಗೆ ಸ್ವಲ್ಪ ಮುಖ ಕಿವುಚುತ್ತದೆ. ಜೊತೆಗೆ ನೆಗಡಿ, ಗಂಟಲು ನೋವು, ಸಣ್ಣ ಜ್ವರ ಇರಬಹುದು. ಕಿವಿಯ ಮುಂಭಾಗದಲ್ಲಿ, ದವಡೆ ಶುರುವಾಗುವ ಕಡೆ, ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿ. ಅಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿ, ಮುಟ್ಟಿದರೆ ನೋವು ಅಂದರೆ, ವೈರಸ್ ಕಡೆಗೇ ಜಾಸ್ತಿ ಅನುಮಾನ. ಇದು ಮೂರರಿಂದ ಐದನೇ ದಿನದ ಹೊತ್ತಿಗೆ ಜೋರಾಗಿ, ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಕೆಲವರಿಗೆ ಮೂರು ವಾರವೂ ಹಿಡಿಯುತ್ತದೆ. ಎರಡನೇ ಕಣ್ಣಿಗೂ ಬಂತು ಅಂತ ಗಾಬರಿಯಾಗಿ ಡ್ರಾಪ್ಸ್ ಬದಲಾಯಿಸುವವರು ತುಂಬಾ ಜನ. ಅದರ ಅಗತ್ಯ ಇಲ್ಲ, ಆ ಕಾಯಿಲೆಯ ನಡಿಗೆಯೇ ಹಾಗೆ.

ಗಟ್ಟಿಯಾಗಿ, ಹಳದಿ ಅಥವಾ ಹಸಿರು ಗೀಜು ಬರುತ್ತಿದ್ದರೆ ಬ್ಯಾಕ್ಟೀರಿಯಾ ಇರಬಹುದು. ದೊಡ್ಡವರಿಗಿಂತ ಚಿಕ್ಕ ಮಕ್ಕಳಲ್ಲಿ ಇದು ಜಾಸ್ತಿ. ಬೆಳಿಗ್ಗೆ ಎದ್ದಾಗ ರೆಪ್ಪೆ ಪೂರ್ತಿ ಅಂಟಿಕೊಂಡು ಕಣ್ಣು ಬಿಡಲಾಗದೆ ಮಗು ಅಳುತ್ತದಲ್ಲ, ಅದು. ಆದರೆ ಇಲ್ಲೊಂದು ಗೊಂದಲವಿದೆ. ವೈರಸ್ ಬಂದಾಗಲೂ ಬೆಳಿಗ್ಗೆ ಸ್ವಲ್ಪ ಅಂಟು ಇದ್ದೇ ಇರುತ್ತದೆ. ವ್ಯತ್ಯಾಸ ಗೊತ್ತಾಗುವುದು ಒರೆಸಿದ ಮೇಲೆ. ಒರೆಸಿದ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಮತ್ತೆ ಮೂಲೆಯಲ್ಲಿ ಗಟ್ಟಿ ಗೀಜು ಕೂತರೆ ಬ್ಯಾಕ್ಟೀರಿಯಾ ಕಡೆ ವಾಲುತ್ತದೆ. ಬರೀ ನೀರು ಬಂದರೆ ವೈರಸ್ ಕಡೆ. ಇನ್ನೊಂದು ವಿಷಯ: ಗೀಜಿನ ಜೊತೆ ಮಗು ಕಿವಿ ಎಳೆದುಕೊಳ್ಳುತ್ತಿದ್ದರೆ, ರಾತ್ರಿಯೆಲ್ಲ ಕಿವಿ ಹಿಡಿದು ಅತ್ತರೆ, ಕಣ್ಣಿಗೂ ಕಿವಿಗೂ ಒಂದೇ ಸೋಂಕು ಇರಬಹುದು. ಆಗ ಬರೀ ಡ್ರಾಪ್ಸ್ ಸಾಲದು, ಬಾಯಿಗೆ ಔಷಧಿಯೂ ಬೇಕಾಗಬಹುದು. ನೇರ ಮಕ್ಕಳ ಡಾಕ್ಟರ ಹತ್ತಿರ ಹೋಗಿ.

ಮೂರನೆಯದು ತುರಿಕೆ. ಎರಡೂ ಕಣ್ಣು ಒಟ್ಟಿಗೆ, ಮಗು ಮುಷ್ಟಿ ಹಿಡಿದು ಉಜ್ಜುತ್ತಲೇ ಇರುತ್ತದೆ, ಸೀನು ಬೇರೆ. ಜ್ವರ ಇಲ್ಲ. ಇದು ಅಲರ್ಜಿ, ಯಾರಿಗೂ ಅಂಟುವುದಿಲ್ಲ. ನಮ್ಮ ಕಡೆ ಧೂಳು, ಪಾರ್ಥೇನಿಯಂ, ಬೇಸಿಗೆಯ ಒಣ ಗಾಳಿ, ಹಳೆ ದಿಂಬಿನ ಧೂಳುಹುಳ, ಎಲ್ಲವೂ ಇದಕ್ಕೆ ಕಾರಣ ಆಗಬಲ್ಲವು. ಐದು ವರ್ಷ ದಾಟಿದ ಗಂಡು ಮಕ್ಕಳಲ್ಲಿ ಇದರದೇ ಒಂದು ಜೋರಾದ ರೂಪ ಬರುತ್ತದೆ, ವರ್ನಲ್ ಎನ್ನುತ್ತಾರೆ. ಪ್ರತಿ ಬೇಸಿಗೆ ಮರಳಿ ಬರುವುದು, ಕಣ್ಣಿಂದ ಬಿಳಿ ದಾರದ ಹಾಗೆ ಎಳೆ ಎಳೆಯಾಗಿ ಬರುವುದು, ಬಿಸಿಲಿಗೆ ಕಣ್ಣು ಬಿಡಲಾಗದಿರುವುದು, ಬಿಳಿ ಗುಡ್ಡೆಯೇ ಸ್ವಲ್ಪ ಕಂದು ಬಣ್ಣಕ್ಕೆ ತಿರುಗುವುದು ಇದರ ಗುರುತು. "ಪದೇ ಪದೇ ಕಣ್ಣು ಮಿಟುಕಿಸ್ತಾನೆ, ಟಿವಿ ಜಾಸ್ತಿ ನೋಡಿ ಹೀಗಾಯ್ತು" ಅಂತ ಬೈಸಿಕೊಳ್ಳುವ ಹುಡುಗರಲ್ಲಿ ಎಷ್ಟೋ ಜನಕ್ಕೆ ಇದೇ ಇರುತ್ತದೆ. ಸಾಮಾನ್ಯವಾಗಿ ಹದಿಹರೆಯ ದಾಟುವಾಗ ಕಡಿಮೆಯಾಗುತ್ತದೆ. ಆದರೆ ಅಲ್ಲಿಯವರೆಗೆ ಉಜ್ಜುತ್ತಾ ಇರಲಿ ಅಂತ ಬಿಡಬಾರದು. ವರ್ಷಗಟ್ಟಲೆ ಉಜ್ಜಿದರೆ ಕಾರ್ನಿಯಾ, ಅಂದರೆ ಕಪ್ಪು ಗುಡ್ಡೆಯ ಮುಂದಿರುವ ಪಾರದರ್ಶಕ ಪದರ, ತೆಳುವಾಗಿ ಮುಂದಕ್ಕೆ ಉಬ್ಬುವ ಕೆರಾಟೋಕೋನಸ್ ಎಂಬ ತೊಂದರೆಗೂ ದಾರಿಯಾಗಬಹುದು.

ಈಜುಕೊಳದಿಂದ ಬಂದ ಕೆಂಪು ಬೇರೆ. ರಜೆಯಲ್ಲಿ ಮಕ್ಕಳು ಈಜು ಕಲಿಯಲು ಹೋಗುತ್ತಾರಲ್ಲ, ಕ್ಲೋರಿನ್‌ಗೆ ಕಣ್ಣು ಕೆಂಪಾಗಿದ್ದರೆ ತೊಳೆದು ಬಿಟ್ಟರೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಮಾರನೇ ದಿನಕ್ಕೂ ಇದ್ದು, ಗಂಟಲು ನೋವು, ಜ್ವರ ಸೇರಿಕೊಂಡರೆ ಅದು ಕ್ಲೋರಿನ್ ಅಲ್ಲ, ಕೊಳದಲ್ಲಿ ಹರಡಿದ ಅಡಿನೋವೈರಸ್ ಇರಬಹುದು.

ಕಾಯಲೇಬಾರದ ಕಣ್ಣುಗಳು

ಮಂಡ್ಯ ಕಡೆಯವರು ಇದನ್ನು ಗಮನವಿಟ್ಟು ಓದಿ. ಕಬ್ಬಿನ ಗದ್ದೆಯಲ್ಲಿ ಆಡುವಾಗ ಗರಿ ಕಣ್ಣಿಗೆ ತಾಗುವುದು, ಒಕ್ಕಣೆ ಹೊತ್ತಿನಲ್ಲಿ ಭತ್ತದ ಹೊಟ್ಟು ಬೀಳುವುದು ನಮಗೆ ಹೊಸದಲ್ಲ. ಆ ಕ್ಷಣ ಉಜ್ಜಿ, ನೀರು ಹಾಕಿ ಮರೆತುಬಿಡುತ್ತೇವೆ. ಕೆಲವು ದಿನ ಬಿಟ್ಟು ಆ ಒಂದೇ ಕಣ್ಣು ಕೆಂಪಾಗುತ್ತದೆ, ನೀರು ಬರುತ್ತದೆ, ನೋವು ಏರುತ್ತಾ ಹೋಗುತ್ತದೆ. ಎಲ್ಲರೂ ಮದ್ರಾಸ್ ಐ ಅಂದುಕೊಳ್ಳುತ್ತಾರೆ. ಆದರೆ ಗಿಡದ ಗರಿಯಿಂದ ಕಾರ್ನಿಯಾ ಗೀರಿದಾಗ ಅದರ ಮೂಲಕ ಫಂಗಸ್ ಒಳಗೆ ಹೋಗಿ ಹುಣ್ಣಾಗುವುದು ದಕ್ಷಿಣ ಭಾರತದ ಹಳ್ಳಿಗಳಲ್ಲಿ ಚೆನ್ನಾಗಿ ಗೊತ್ತಿರುವ ತೊಂದರೆ. ಟಾರ್ಚ್ ಹಿಡಿದು ನೋಡಿದಾಗ ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಸೋಮವಾರದವರೆಗೆ ನೋಡೋಣ ಅನ್ನಬಾರದು. ಚುಕ್ಕೆ ಕಾಣದಿದ್ದರೂ ಪೆಟ್ಟಾದ ಮೇಲೆ ನೋವು ಹೆಚ್ಚುತ್ತಿದ್ದರೆ ಹೋಗಲೇಬೇಕು.

ಸುಣ್ಣ ಇನ್ನೊಂದು. ಎಲೆ ಅಡಿಕೆ ಹಾಕುವವರು ಮನೆಯಲ್ಲಿದ್ದರೆ ಸುಣ್ಣದ ಪ್ಲಾಸ್ಟಿಕ್ ಪ್ಯಾಕೆಟ್ಟೋ ಡಬ್ಬಿಯೋ ಮಕ್ಕಳ ಕೈಗೆ ಸಿಗುತ್ತದೆ. ಹಿಸುಕಿದ ಕೂಡಲೇ ಚಿಮ್ಮುವುದು ನೇರ ಕಣ್ಣಿಗೆ. ಆಗ ಮೊದಲ ಕೆಲಸ ಆಟೋ ಕರೆಯುವುದಲ್ಲ, ನೀರು. ನಲ್ಲಿಯೋ, ಚೊಂಬೋ, ಕುಡಿಯುವ ನೀರಿನ ಬಾಟಲಿಯೋ, ಯಾವ ಶುದ್ಧ ನೀರು ಸಿಕ್ಕರೂ ಸರಿ, ರೆಪ್ಪೆ ಬಿಡಿಸಿ ಹಿಡಿದು ಇಪ್ಪತ್ತು ಮೂವತ್ತು ನಿಮಿಷ ಹರಿಸುತ್ತಲೇ ಇರಿ. ಮಗು ಕಿರುಚುತ್ತದೆ, ಪಾಪ ಅನ್ನಿಸುತ್ತದೆ, ಆದರೂ ನಿಲ್ಲಿಸಬೇಡಿ. ಎಣ್ಣೆ, ಹಾಲು, ನಿಂಬೆರಸ ಏನನ್ನೂ ಹಾಕಬೇಡಿ. ಆಮೇಲೆ ಆಸ್ಪತ್ರೆ.

ಹುಟ್ಟಿ ಒಂದು ತಿಂಗಳಾಗದ ಕೂಸಿನ ಕಣ್ಣು ಕೆಂಪಾಗಿ ಗೀಜು ಬಂದರೂ ಅವತ್ತೇ ಹೋಗಬೇಕು, ಹೆರಿಗೆ ಸಮಯದಲ್ಲಿ ತಗುಲಿದ ಸೋಂಕು ಇದ್ದರೆ ಬೇಗ ಕಣ್ಣು ಕೆಡಿಸುತ್ತದೆ. ಕೆಂಪಿಲ್ಲದೆ ಬರೀ ನೀರು, ಸ್ವಲ್ಪ ಅಂಟು ಇದ್ದರೆ ಅದು ಕಣ್ಣೀರಿನ ನಾಳ ತೆರೆದುಕೊಳ್ಳದಿರುವುದು ಇರಬಹುದು. ಬಹುಪಾಲು ಮಕ್ಕಳಿಗೆ ಒಂದು ವರ್ಷದೊಳಗೆ ತಾನೇ ಸರಿಹೋಗುತ್ತದೆ. ಮೂಗಿನ ಪಕ್ಕ ಮಸಾಜ್ ಮಾಡುವ ರೀತಿಯನ್ನು ಡಾಕ್ಟರ್ ತೋರಿಸಿಕೊಡುತ್ತಾರೆ. ಆದರೂ ಯಾವುದು ಅಂತ ಅವರೇ ಒಮ್ಮೆ ನೋಡಲಿ.

ಇನ್ನು ಕೆಲವು ಜೊತೆಗಳು. ಕೆಂಪು ಕಣ್ಣಿನ ಜೊತೆ ಜೋರು ಜ್ವರ, ಕೆಮ್ಮು, ಮೈಮೇಲೆ ಗುಳ್ಳೆ ಎದ್ದರೆ ದಡಾರ ಇರಬಹುದು. ಐದು ದಿನ ಬಿಡದ ಜ್ವರ, ಗೀಜಿಲ್ಲದ ಕೆಂಪು ಕಣ್ಣು, ತುಟಿ ನಾಲಿಗೆ ಕೆಂಪಾದರೆ ಕವಾಸಾಕಿ ಎಂಬ ಕಾಯಿಲೆ ಇರಬಹುದು, ಅದು ಹೃದಯದ ರಕ್ತನಾಳಕ್ಕೆ ತೊಂದರೆ ಕೊಡುತ್ತದೆ. ರೆಪ್ಪೆ ಊದಿ ಕಣ್ಣು ಅತ್ತಿತ್ತ ಆಡಿಸಲು ನೋವು ಅಂದರೆ, ಕಣ್ಣು ಮುಂದಕ್ಕೆ ಬಂದ ಹಾಗೆ ಕಂಡರೆ, ದೃಷ್ಟಿ ಮಂಜಾದರೆ, ಕಣ್ಣಿನ ಸುತ್ತ ನೀರುಗುಳ್ಳೆ ಎದ್ದರೆ, ಯಾವ ಡ್ರಾಪ್ಸೂ ಬೇಡ, ಸುಮ್ನೆ ಎತ್ತಿಕೊಂಡು ಹೊರಡಿ.

ಮೆಡಿಕಲ್ ಶಾಪಿನ ಬಾಟಲಿ

ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಕೌಂಟರಿನಲ್ಲಿ "ಮಗೂಗೆ ಕಣ್ಣು ಕೆಂಪಾಗಿದೆ" ಅಂದರೆ ಸಾಕು, ಚೀಟಿ ಕೇಳದೆ ಒಂದು ಪುಟ್ಟ ಬಾಟಲಿ ಕೈಗಿಡುವ ಅಂಗಡಿಗಳಿವೆ. ನಮ್ಮ ಬಡಾವಣೆಯಲ್ಲೇ ಪಕ್ಕದ ಮನೆಯ ಹುಡುಗನಿಗೆ ಹೀಗೆ ಕೊಟ್ಟದ್ದರ ಪೆಟ್ಟಿಗೆ ತಿರುಗಿಸಿ ಓದಿದೆ. ಆಂಟಿಬಯಾಟಿಕ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಡೆಕ್ಸಾಮೆಥಾಸೋನ್ ಅಂತಿತ್ತು. ಅದು ಸ್ಟೀರಾಯ್ಡ್, ಉರಿಯೂತವನ್ನು ಅದುಮಿಡುವ ಔಷಧಿ.

ಸ್ಟೀರಾಯ್ಡ್ ಡ್ರಾಪ್ಸ್ ಕೆಟ್ಟ ಔಷಧಿ ಅಲ್ಲ. ಜೋರಾದ ಅಲರ್ಜಿಗೆ, ಇನ್ನು ಕೆಲವು ಕಣ್ಣಿನ ಉರಿಯೂತಕ್ಕೆ ಕಣ್ಣಿನ ಡಾಕ್ಟರೇ ಅಳೆದು, ದಿನ ಲೆಕ್ಕ ಹಾಕಿ ಕೊಡುತ್ತಾರೆ. ತೊಂದರೆ ಇರುವುದು ಅದರ ಮ್ಯಾಜಿಕ್‌ನಲ್ಲಿ. ಯಾವ ಕೆಂಪಿಗೆ ಹಾಕಿದರೂ ಮಾರನೇ ದಿನ ಕಣ್ಣು ಬೆಳ್ಳಗೆ ಕಾಣುತ್ತದೆ. ಒಳಗೆ ಫಂಗಸ್ ಹುಣ್ಣೋ, ಹರ್ಪಿಸ್ ವೈರಸ್ಸೋ ಇದ್ದರೆ ಅದಕ್ಕೆ ಮೇವು ಹಾಕಿದ ಹಾಗೆ. ಇನ್ನು ಬೇಸಿಗೆ ತುರಿಕೆಯ ಹುಡುಗರಿಗೆ ಪ್ರತಿ ಸಲ ಅದೇ ಬಾಟಲಿ ತಂದು ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒಳಗಿನ ಒತ್ತಡ ಏರಿ ಕಣ್ಣಿನ ನರ ಕೆಡಿಸುವ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಒತ್ತಡ ಏರುವುದು ಮಗುವಿಗೆ ಗೊತ್ತೇ ಆಗುವುದಿಲ್ಲ, ನೋವಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಹಾಗಾಗಿ ಬಾಟಲಿ ಯಾರೇ ಕೊಟ್ಟಿರಲಿ, ಹೆಸರಿನ ಮೇಲೆ ನಂಬಿಕೆ ಇಡದೆ ಒಳಗೇನಿದೆ ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನಾಲ್, ಫ್ಲೋರೋಮೆಥಲೋನ್, ಇವೆಲ್ಲ ಸ್ಟೀರಾಯ್ಡ್. ಬ್ರ್ಯಾಂಡ್ ಹೆಸರಿನ ಕೊನೆಗೆ ಡಿ ಅಥವಾ ಡಿಎಕ್ಸ್ ಅಂತ ಬಾಲ ಇದ್ದರೆ ಎರಡು ಸಲ ಓದಿ. ಮಾಕ್ಸಿಫ್ಲಾಕ್ಸಸಿನ್, ಟೋಬ್ರಾಮೈಸಿನ್, ಕ್ಲೋರಾಂಫೆನಿಕಾಲ್ ಒಂಟಿಯಾಗಿದ್ದರೆ ಅವು ಬರೀ ಆಂಟಿಬಯಾಟಿಕ್. ಬ್ಯಾಕ್ಟೀರಿಯಾ ಇದ್ದಾಗ ಇವುಗಳಿಂದ ಕಾಯಿಲೆ ಬೇಗ ಇಳಿಯುತ್ತದೆ. ಹಗುರವಾದದ್ದು ಅವಿಲ್ಲದೆಯೂ ಕೆಲವು ದಿನಗಳಲ್ಲಿ ವಾಸಿಯಾಗುತ್ತದೆ. ಅಲರ್ಜಿಗೆ ಓಲೋಪಟಡೀನ್ ಥರದ ಡ್ರಾಪ್ಸ್ ಇವೆ, ಸ್ಟೀರಾಯ್ಡ್ ಅಲ್ಲ, ಆದರೆ ಅವೂ ಮಗುವಿನ ವಯಸ್ಸು ನೋಡಿ ಡಾಕ್ಟರ್ ಬರೆದುಕೊಡಬೇಕಾದವು. ಚೀಟಿ ಇಲ್ಲದೆ ಧೈರ್ಯವಾಗಿ ತರಬಹುದಾದದ್ದು ಅಂದರೆ ಬರೀ ಕಣ್ಣು ಒದ್ದೆ ಇಡುವ ಕೃತಕ ಕಣ್ಣೀರಿನ ಡ್ರಾಪ್ಸ್. ವೈರಸ್ ಕಣ್ಣಿಗೆ ಅದು ಮತ್ತು ತಣ್ಣನೆ ಬಟ್ಟೆ, ಎರಡೇ ನಿಜವಾದ ಆರಾಮ.

ಅಜ್ಜಿಯ ಔಷಧಿ

ಎದೆಹಾಲು, ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಹರಳೆಣ್ಣೆ, ರೋಸ್ ವಾಟರ್. ನಮ್ಮ ಮನೆಗಳಲ್ಲಿ ಈ ಐದರಲ್ಲಿ ಒಂದನ್ನಾದರೂ ಯಾರಾದರೂ ಹೇಳೇ ಹೇಳುತ್ತಾರೆ. ಅಜ್ಜಿ ಹೇಳಿದ್ದಕ್ಕೆಲ್ಲ ನಾನು ಎದುರಾಡುವವಳಲ್ಲ, ಆದರೆ ಕಣ್ಣಿನ ಒಳಗೆ ಹೋಗುವ ವಸ್ತು ಕ್ರಿಮಿ ಇಲ್ಲದ್ದಾಗಿರಬೇಕು. ಅಂಗಳದಿಂದ ಕಿತ್ತು ಕೈಯಲ್ಲಿ ಹಿಂಡಿದ ಹೂವಿನ ರಸ ಹಾಗಿರಲು ಸಾಧ್ಯವೇ ಇಲ್ಲ. "ನಮ್ಮ ಕಾಲದಲ್ಲಿ ವಾಸಿಯಾಗ್ತಿತ್ತು" ಅನ್ನುವುದು ನಿಜವೇ, ಯಾಕೆಂದರೆ ಮದ್ರಾಸ್ ಐ ಏನೂ ಹಾಕದಿದ್ದರೂ ವಾಸಿಯಾಗುತ್ತದೆ. ಅಜ್ಜಿಗೆ ಬೇಜಾರಾಗದ ಹಾಗೆ ಒಂದು ಕೆಲಸ ಒಪ್ಪಿಸಬಹುದು: ನೀರು ಕುದಿಸಿ ಆರಿಸುವುದು, ಹತ್ತಿ ಉಂಡೆ ಮಾಡಿಕೊಡುವುದು. ಕಾಡಿಗೆ ಮಾತ್ರ ಪೂರ್ತಿ ನಿಲ್ಲಿಸಿ. ಒಂದೇ ಡಬ್ಬಿಯಿಂದ ಒಂದೇ ಬೆರಳಲ್ಲಿ ಇಬ್ಬರು ಮಕ್ಕಳಿಗೆ ಹಚ್ಚಿದರೆ ಸೋಂಕು ನಾವೇ ದಾಟಿಸಿದಂತೆ.

ಬಿಸಿಯಾ ತಣ್ಣಗಾ ಅಂತಲೂ ಕೇಳುತ್ತಾರೆ. ಗೀಜು ಅಂಟಿದ್ದರೆ ಉಗುರು ಬೆಚ್ಚಗಿನ ನೀರಿನ ಹತ್ತಿ, ಎರಡು ನಿಮಿಷ ರೆಪ್ಪೆ ಮೇಲೆ ಇಟ್ಟು ನೆನೆಸಿ, ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಸಲ ಒರೆಸಿ ಎಸೆಯಬೇಕು. ಇನ್ನೊಂದು ಕಣ್ಣಿಗೆ ಬೇರೆ ಹತ್ತಿ. ತುರಿಕೆ, ಉರಿ ಇದ್ದರೆ ತಣ್ಣನೆ ಬಟ್ಟೆ.

ಡ್ರಾಪ್ಸಾ, ಮುಲಾಮಾ?

ಡಾಕ್ಟರ್ ಆಂಟಿಬಯಾಟಿಕ್ ಬರೆದರೆ ಮುಲಾಮು ಸಾಧ್ಯವಾ ಅಂತ ಕೇಳಿ ನೋಡಿ, ಅದರಲ್ಲೂ ಮೂರು ವರ್ಷದೊಳಗಿನ ಮಗುವಾದರೆ. ಮುಲಾಮು ಕಣ್ಣಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ಅಳುವಾಗ ಕೊಚ್ಚಿ ಹೋಗುವುದಿಲ್ಲ, ಮಲಗಿದ ಮಗುವಿಗೂ ರೆಪ್ಪೆ ಅಂಚಿಗೆ ಹಚ್ಚಬಹುದು. ಸ್ವಲ್ಪ ಹೊತ್ತು ಮಂಜಾಗಿ ಕಾಣುತ್ತದೆ ಅನ್ನುವುದೊಂದೇ ಕಿರಿಕಿರಿ. ಶಾಲೆಗೆ ಹೋಗಿ ಬೋರ್ಡ್ ಓದಬೇಕಾದ ಮಗುವಿಗೆ ಹಗಲು ಡ್ರಾಪ್ಸೇ ವಾಸಿ.

ಡ್ರಾಪ್ಸ್ ಹಾಕುವಾಗ ಇಬ್ಬರು ಹಿಡಿದುಕೊಂಡು, ಬಲವಂತವಾಗಿ ರೆಪ್ಪೆ ಎಳೆದು, ಮನೆಯೆಲ್ಲ ರಣರಂಗ ಮಾಡಬೇಕಾಗಿಲ್ಲ. ಮಗುವನ್ನು ಅಂಗಾತ ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ. ಮುಚ್ಚಿದ ಕಣ್ಣಿನ ಒಳಮೂಲೆಯಲ್ಲಿ, ಮೂಗಿನ ಪಕ್ಕದ ಆ ಪುಟ್ಟ ಹಳ್ಳದಲ್ಲಿ, ಒಂದು ಹನಿ ಬಿಡಿ. ಆಮೇಲೆ ಫ್ಯಾನ್ ನೋಡು ಅನ್ನಿ. ಕಣ್ಣು ಬಿಟ್ಟ ಕೂಡಲೇ ಹನಿ ತಾನೇ ಒಳಗೆ ಜಾರುತ್ತದೆ. ಒಂದು ಹನಿ ಸಾಕು, ಎರಡನೆಯದು ಕೆನ್ನೆ ಮೇಲೆ ಹರಿದು ಹೋಗುತ್ತದೆ ಅಷ್ಟೇ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು.

ಶಾಲೆಗೆ ಕಳಿಸೋದಾ?

ಅಲರ್ಜಿಯಾದರೆ ಕಳಿಸಿ. ಬೇಕಾದರೆ ಡಾಕ್ಟರಿಂದ ಒಂದು ಚೀಟಿ ಬರೆಸಿಕೊಂಡು ಟೀಚರ್‌ಗೆ ಕೊಡಿ, ಇಲ್ಲದಿದ್ದರೆ ಕೆಂಪು ಕಣ್ಣು ಕಂಡ ಕೂಡಲೇ ಫೋನ್ ಬರುತ್ತದೆ. ಬ್ಯಾಕ್ಟೀರಿಯಾ ಆದರೆ ಆಂಟಿಬಯಾಟಿಕ್ ಶುರು ಮಾಡಿ ಒಂದು ದಿನ ಕಳೆದ ಮೇಲೆ ಕಳಿಸುವುದು ಸಾಮಾನ್ಯ ರೂಢಿ. ವೈರಸ್‌ನದ್ದೇ ತಲೆನೋವು, ನೀರು ಸುರಿಯುವವರೆಗೂ ಅಂಟುತ್ತದೆ, ಅದು ಒಂದು ವಾರ ದಾಟಬಹುದು. ಕೆಲವು ದೇಶಗಳಲ್ಲಿ ಮಗು ಆರಾಮಾಗಿದ್ದರೆ ಕಳಿಸಿ ಅನ್ನುತ್ತಾರೆ. ಒಂದು ಬೆಂಚಿನಲ್ಲಿ ಮೂವರು ಕೂರುವ ನಮ್ಮ ತರಗತಿಗಳಿಗೆ ಅದು ಹೊಂದುವುದಿಲ್ಲ ಅಂತ ನನ್ನ ಅನಿಸಿಕೆ. ಎಲ್‌ಕೆಜಿ ಮಗು ಕಣ್ಣು ಮುಟ್ಟದೆ ಇರುತ್ತದಾ ಹೇಳಿ. ಜೋರಾಗಿ ನೀರು ಬರುವ ದಿನಗಳಷ್ಟಾದರೂ ಮನೆಯಲ್ಲಿರಲಿ. ಏಳೆಂಟನೇ ಕ್ಲಾಸಿನ, ಕೈ ತೊಳೆಯುವ ಬುದ್ಧಿ ಇರುವ ಮಗುವಾದರೆ ಸ್ವಲ್ಪ ಬೇಗ ಕಳಿಸಬಹುದು.

ನೋಡಿದರೆ ಅಂಟುವುದಿಲ್ಲ, ಇದು ಎಷ್ಟು ಹೇಳಿದರೂ ಕಡಿಮೆ. ಅಂಟುವುದು ಕೈ, ಟವೆಲ್, ದಿಂಬು, ಬಾಗಿಲ ಹಿಡಿ, ಮೊಬೈಲ್ ಮೂಲಕ. ಕಪ್ಪು ಕನ್ನಡಕ ಬೆಳಕಿಗೆ ಆರಾಮ ಕೊಡುತ್ತದೆ, ಪಕ್ಕದವರನ್ನೇನೂ ಕಾಪಾಡುವುದಿಲ್ಲ. ಅಡಿನೋವೈರಸ್ ಸ್ಯಾನಿಟೈಸರ್‌ಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಹಾಗಾಗಿ ಸೋಪು ನೀರೇ ವಾಸಿ. ಮಗುವಿಗೆ ಬೇರೆ ಟವೆಲ್ ಕೊಡಿ, ದಿಂಬಿನ ಕವರ್ ದಿನಾ ಬದಲಿಸಿ ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.

ಯಾರ ಹತ್ತಿರ ಹೋಗೋದು?

ಜ್ವರ, ಕಿವಿನೋವು, ನೆಗಡಿ ಜೊತೆಗಿದ್ದರೆ ಮಕ್ಕಳ ಡಾಕ್ಟರ್ ಸಾಕು. ಪೆಟ್ಟು, ನೋವು, ಬಿಳಿ ಚುಕ್ಕೆ, ಮಂಜು, ವರ್ಷ ವರ್ಷ ಬರುವ ತುರಿಕೆ ಇದ್ದರೆ ಮಕ್ಕಳ ಡಾಕ್ಟರನ್ನು ದಾಟಿ ನೇರ ಕಣ್ಣಿನ ಡಾಕ್ಟರ ಹತ್ತಿರ, ಯಾಕೆಂದರೆ ಅವರ ಹತ್ತಿರ ಇರುವ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರ ಇಲ್ಲದೆ ಕಾರ್ನಿಯಾದ ಸಣ್ಣ ಗೀರು ಕಾಣುವುದಿಲ್ಲ. ಮೈಸೂರಿನಲ್ಲಿ ಸರ್ಕಾರಿ ಕಡೆ ಕೆ.ಆರ್. ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ, ಮಕ್ಕಳಿಗೆ ಚೆಲುವಾಂಬ ಆಸ್ಪತ್ರೆ. ಮಂಡ್ಯದವರಿಗೆ ಅಲ್ಲಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್ ಇದೆ, ಬರೀ ಇದಕ್ಕಾಗಿ ಮೈಸೂರಿಗೆ ಬಸ್ ಹತ್ತಬೇಕಾಗಿಲ್ಲ. ಹೋಗುವಾಗ ಇದುವರೆಗೆ ಹಾಕಿದ ಎಲ್ಲಾ ಬಾಟಲಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಅಜ್ಜಿ ಹಾಕಿದ್ದನ್ನೂ ಮುಚ್ಚಿಡದೆ ಹೇಳಿ.

ವೈರಸ್ ಅಂತ ಹೇಳಿ ಡಾಕ್ಟರ್ ಏನೂ ಬರೆಯದೆ ಕಳಿಸಿದರೆ ಫೀಸ್ ದಂಡ ಅಂದುಕೊಳ್ಳಬೇಡಿ, ಮತ್ತೆ ಯಾವಾಗ ಬರಬೇಕು ಅಂತ ಮಾತ್ರ ಕೇಳಿಕೊಂಡು ಬನ್ನಿ. ಬರೆದುಕೊಟ್ಟರೆ ಬಾಟಲಿ ತೆರೆದ ತಾರೀಖನ್ನು ಪೆನ್ನಿನಲ್ಲಿ ಅದರ ಮೇಲೇ ಬರೆಯಿರಿ. ತೆರೆದು ಒಂದು ತಿಂಗಳಾದ ಮೇಲೆ, ಅರ್ಧ ಉಳಿದಿದ್ದರೂ, ಎಸೆದುಬಿಡಿ. ತಂಗಿಯ ಕಣ್ಣು ಕೆಂಪಾದರೆ ಅಣ್ಣನ ಬಾಟಲಿ ಬೇಡ.